ಡಿ-ಡೇ ದಿನ ನಿಜಕ್ಕೂ ಎಷ್ಟು ಜನ ಇಳಿದ್ರು? ತೈವಾನ್ ಸುದ್ದಿ ಓದೋಕೆ ಮುಂಚೆ ಈ ಲೆಕ್ಕ ಗೊತ್ತಿರ್ಲಿ

2025ರ ಮಾರ್ಚಲ್ಲಿ ದಕ್ಷಿಣ ಚೀನಾದ ಝಾನ್‌ಜಿಯಾಂಗ್ ಕಡೆಯ ಒಂದು ಬೀಚಿನ ವಿಡಿಯೋ ಎಲ್ಲಾ ಕಡೆ ಹರಿದಾಡ್ತು. ಮೂರು ದೊಡ್ಡ ಬಾರ್ಜ್‌ಗಳು, ಅಂದ್ರೆ ಚಪ್ಪಟೆ ತಳದ ಹಡಗುಗಳು, ಸಮುದ್ರದ ತಳಕ್ಕೆ ಕಂಬದಂಥ ಕಾಲು ಊರ್ಕೊಂಡು ನೀರಿಂದ ಮೇಲೆದ್ದು ನಿಂತಿವೆ, ಒಂದರಿಂದ ಇನ್ನೊಂದಕ್ಕೆ ಸೇತುವೆ, ಕೊನೇದರಿಂದ ಮರಳಿನ ಮೇಲಕ್ಕೆ ಉದ್ದಕ್ಕೆ ಚಾಚಿದ ಮತ್ತೊಂದು ಸೇತುವೆ. ಅಂದ್ರೆ ಬಂದರೇ ಇಲ್ಲದ ಕಡೆ ಒಂದು ಬಂದರು. ಆವತ್ತಿಂದ ತೈವಾನ್ ಬಗ್ಗೆ ಏನೇ ಸುದ್ದಿ ಬಂದ್ರೂ ಒಂದು ಸಾಲು ಗ್ಯಾರಂಟಿ: "ತೈವಾನ್ ಹಿಡೀಬೇಕಂದ್ರೆ ಚೀನಾಗೆ ಡಿ-ಡೇಗಿಂತ ದೊಡ್ಡ ದಾಳಿ ಬೇಕಾಗತ್ತೆ."

ಡಿ-ಡೇ ಅಂದ್ರೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕ, ಬ್ರಿಟನ್, ಕೆನಡಾದಂಥ ಮಿತ್ರಪಡೆಗಳು ಜರ್ಮನ್ನರ ಕೈಲಿದ್ದ ಫ್ರಾನ್ಸಿಗೆ ಸಮುದ್ರದಿಂದ ಇಳಿದ ದಿನ. ಸರಿ, ಅದು ಎಷ್ಟು ದೊಡ್ಡದಿತ್ತು ಅಂತ ಹುಡುಕಿದ್ರೆ ತಲೆ ಕೆಡತ್ತೆ. ಒಂದ್ಕಡೆ 1,32,000, ಇನ್ನೊಂದ್ಕಡೆ 1,56,000, ಮತ್ತೊಂದ್ಕಡೆ ಮೂರೂಕಾಲು ಲಕ್ಷ, ಕೆಲವರು ನೇರವಾಗಿ ಹತ್ತು ಲಕ್ಷ ಅಂದ್ಬಿಡ್ತಾರೆ. ಅಷ್ಟರಲ್ಲಿ ಯಾರೋ ಬಂದು "ಅಯ್ಯೋ, ಇಟಲಿಯ ಸಿಸಿಲಿ ದ್ವೀಪದಲ್ಲಿ ಇಳಿದಿದ್ದು ಇದಕ್ಕಿಂತ ದೊಡ್ಡದು ಕಣ್ರೀ" ಅಂತಾರೆ. ತಮಾಷೆ ಅಂದ್ರೆ ಇವರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ, ಎಣಿಸ್ತಿರೋ ವಸ್ತು ಬೇರೆ ಬೇರೆ ಅಷ್ಟೇ.

ಒಂದೇ ದಾಳಿ, ನಾಲ್ಕು ನಂಬರ್

1944ರ ಜೂನ್ 6, ಫ್ರಾನ್ಸಿನ ನಾರ್ಮಂಡಿ ಕರಾವಳಿ. ಐದು ಬೀಚ್‌ಗಳು. ಯೂಟಾದಲ್ಲಿ 23,250, ಒಮಾಹಾದಲ್ಲಿ 34,250, ಇವೆರಡೂ ಅಮೆರಿಕದವರದ್ದು. ಗೋಲ್ಡ್‌ನಲ್ಲಿ 24,970, ಜೂನೋದಲ್ಲಿ 21,400, ಸ್ವೋರ್ಡ್‌ನಲ್ಲಿ 28,845, ಇವು ಬ್ರಿಟಿಷ್ ಮತ್ತು ಕೆನಡಾದವರದ್ದು. ಕೂಡಿದ್ರೆ ಒಂದು ಲಕ್ಷದ ಮೂವತ್ತೆರಡು ಸಾವಿರ ಚಿಲ್ಲರೆ, ಇದು ಸಮುದ್ರದಿಂದ ಇಳಿದವರ ಲೆಕ್ಕ. ಹಿಂದಿನ ರಾತ್ರಿಯಿಂದ್ಲೇ ಪ್ಯಾರಾಶೂಟು, ಗ್ಲೈಡರಲ್ಲಿ ಇಳಿದಿದ್ದ ಸುಮಾರು 23,400 ಜನರನ್ನ ಸೇರಿಸಿದ್ರೆ ಆ ಫೇಮಸ್ 1,56,000 ಸಿಗತ್ತೆ.

ಮೂರೂಕಾಲು ಲಕ್ಷ ಅನ್ನೋದು ಜೂನ್ 11ರ ಹೊತ್ತಿಗೆ ದಡ ಸೇರಿದವರ ಸಂಖ್ಯೆ, ಜೊತೆಗೆ 54 ಸಾವಿರ ವಾಹನ, ಒಂದು ಲಕ್ಷ ಟನ್ ಮೇಲೆ ಸಾಮಾನು. ಜೂನ್ ಮುಗಿಯೋ ಹೊತ್ತಿಗೆ ಜನ ಎಂಟೂವರೆ ಲಕ್ಷ ದಾಟಿದ್ರು, ಜುಲೈ ಮೊದಲ ವಾರದಲ್ಲಿ ಹತ್ತು ಲಕ್ಷ. ಮದುವೆಗೆ ಎಷ್ಟು ಜನ ಬಂದಿದ್ರು ಅಂತ ಕೇಳಿದಾಗ ಒಬ್ಬ ಮುಹೂರ್ತದ ಹೊತ್ತಿಗಿದ್ದವರನ್ನ ಹೇಳ್ತಾನೆ, ಇನ್ನೊಬ್ಬ ಊಟದ ಎಲೆ ಲೆಕ್ಕ ಹೇಳ್ತಾನೆ, ಮತ್ತೊಬ್ಬ ರಿಸೆಪ್ಷನ್ನೂ ಸೇರಿಸ್ತಾನಲ್ಲ, ಹಾಗೆ.

ಆದ್ರೆ ಯಾರೂ ಜಾಸ್ತಿ ಮಾತಾಡದ ಒಂದು ನಂಬರ್ ಇದೆ, ನನ್ನ ಪ್ರಕಾರ ಅದೇ ಮುಖ್ಯ. ದಾಳಿಯ ಸಮುದ್ರದ ಭಾಗಕ್ಕೆ ನೆಪ್ಚೂನ್ ಅಂತ ಹೆಸರಿಟ್ಟಿದ್ರು, ಅದರಲ್ಲಿ ಕೆಲಸ ಮಾಡಿದ ನೌಕಾಪಡೆ ಮತ್ತು ವ್ಯಾಪಾರಿ ಹಡಗಿನ ಸಿಬ್ಬಂದಿ 1,95,700. ಅಂದ್ರೆ ಆವತ್ತು ದಡಕ್ಕೆ ಇಳಿದವರಿಗಿಂತ ಅವರನ್ನ ಇಳಿಸೋಕೆ ನಿಂತವರೇ ಜಾಸ್ತಿ! ಒಟ್ಟು ಹಡಗು-ದೋಣಿ 6,939, ಅದರಲ್ಲಿ ಯುದ್ಧನೌಕೆ 1,213 ಮಾತ್ರ. 4,126 ಲ್ಯಾಂಡಿಂಗ್ ಹಡಗು ಮತ್ತು ಲ್ಯಾಂಡಿಂಗ್ ದೋಣಿಗಳು, ಸರಳವಾಗಿ ಹೇಳ್ಬೇಕಂದ್ರೆ ಸಮುದ್ರದ ಲಾರಿಗಳು.

ಹಾಗಾದ್ರೆ ಸಿಸಿಲಿ?

ಸಿಸಿಲಿ ವಾದದಲ್ಲೂ ಹುರುಳಿದೆ. 1943ರ ಜುಲೈ 10ರಂದು ಮಿತ್ರಪಡೆಗಳು ಅಲ್ಲಿ ಇಳಿದಾಗ ನೂರು ಮೈಲಿಗೂ ಉದ್ದದ ಕರಾವಳಿಯಲ್ಲಿ ಏಳು ಡಿವಿಷನ್ (ಒಂದೊಂದೂ ಹತ್ತು-ಹದಿನೈದು ಸಾವಿರ ಜನರ ಪಡೆ) ಮಟ್ಟದ ಸೈನ್ಯ ಒಂದೇ ಸಲ ದಡ ಹತ್ತಿತು, ನಾರ್ಮಂಡಿಯ ಮುಂಭಾಗ ಐವತ್ತು ಮೈಲಿ, ಬೀಚ್ ಐದು. ಮೊದಲ ದಿನ ಸಮುದ್ರದಿಂದ ಬಂದ ಡಿವಿಷನ್‌ಗಳನ್ನ, ಕರಾವಳಿಯ ಉದ್ದವನ್ನ ನೋಡಿದ್ರೆ ಸಿಸಿಲಿ ದೊಡ್ಡದು. ಹಡಗು, ವಿಮಾನ, ಆಮೇಲೆ ಬಂದ ಸೈನ್ಯ ನೋಡಿದ್ರೆ ನಾರ್ಮಂಡಿ. 1945ರ ಏಪ್ರಿಲ್ 1ಕ್ಕೆ ಜಪಾನಿನ ಓಕಿನಾವಾದಲ್ಲಿ ಮೊದಲ ದಿನ ಇಳಿದವರು ಸುಮಾರು 60 ಸಾವಿರ, ಆದ್ರೆ ಪೆಸಿಫಿಕ್ ಸಾಗರದಲ್ಲಿ ಸಾವಿರಾರು ಕಿಲೋಮೀಟರ್ ದಾಟಿ ಬಂದು ಇಳಿದವರು ಅವರು, ಅದನ್ನೂ ಇದನ್ನೂ ಒಂದೇ ತಕ್ಕಡೀಲಿ ಹಾಕೋದು ಕಷ್ಟ. ಯಾವುದು "ಅತೀ ದೊಡ್ಡದು" ಅನ್ನೋ ಜಗಳದಲ್ಲಿ ಹೆಚ್ಚು ಹೊತ್ತು ಕಳೆಯೋದ್ರಲ್ಲಿ ಅರ್ಥ ಇಲ್ಲ.

ಸೈನಿಕರು ಇದ್ರು, ದೋಣಿ ಇರ್ಲಿಲ್ಲ

ನಾರ್ಮಂಡಿಯ ಸೈಜ್ ಹೇಗೆ ಫಿಕ್ಸ್ ಆಯ್ತು ಅನ್ನೋದು ಇಲ್ಲಿ ಅಸಲಿ ಕಥೆ. ಬ್ರಿಟನ್ನಿನ ಜನರಲ್ ಫ್ರೆಡರಿಕ್ ಮಾರ್ಗನ್ ತಂಡ 1943ರಲ್ಲಿ ಮಾಡಿದ ಮೊದಲ ಪ್ಲಾನಲ್ಲಿ ಸಮುದ್ರದಿಂದ ಬರೋದು ಬರೀ ಮೂರು ಡಿವಿಷನ್. ಮೂರೇ ಸಾಕು ಅಂತ ಅಲ್ಲ, ಸಿಗೋ ದೋಣಿಗೆ ಅಷ್ಟೇ ಹಿಡಿಸೋದು ಅಂತ. ಆಮೇಲೆ ದಾಳಿಯ ಮುಖ್ಯಸ್ಥ ಐಸೆನ್‌ಹೋವರ್, ಭೂಸೈನ್ಯ ನಡೆಸ್ಬೇಕಿದ್ದ ಮಾಂಟ್‌ಗೋಮರಿ ಬಂದು ಪ್ಲಾನ್ ನೋಡಿ ಇದು ಸಾಲಲ್ಲ, ಐದು ಮಾಡಿ ಅಂದ್ರು. ಅಷ್ಟಂದಿದ್ದಕ್ಕೆ ಏನೇನಾಯ್ತು ನೋಡಿ: ಮೇ ತಿಂಗಳಿಗೆ ಅಂತಿದ್ದ ದಾಳಿ ಜೂನ್‌ಗೆ ಹೋಯ್ತು, ಯಾಕಂದ್ರೆ ಇನ್ನೊಂದು ತಿಂಗಳು ಫ್ಯಾಕ್ಟರಿ ಓಡಿದ್ರೆ ಅಷ್ಟು ದೋಣಿ ಜಾಸ್ತಿ ಸಿಗತ್ತೆ. ಅದೇ ಹೊತ್ತಿಗೆ ದಕ್ಷಿಣ ಫ್ರಾನ್ಸಲ್ಲಿ ಮಾಡ್ಬೇಕು ಅಂದ್ಕೊಂಡಿದ್ದ ಇನ್ನೊಂದು ದಾಳಿ ಆಗಸ್ಟ್ 15ಕ್ಕೆ ಮುಂದೂಡಿತು. ಇತ್ತ ಪೆಸಿಫಿಕ್‌ನಲ್ಲಿ ಜೂನ್ 15ಕ್ಕೇ ಸೈಪಾನ್ ದ್ವೀಪದ ಮೇಲೆ ಬೇರೆ ದಾಳಿ, ಅಲ್ಲೂ ಇದೇ ದೋಣಿ ಬೇಕು. ಬ್ರಿಟನ್ನಲ್ಲಿ ಲಕ್ಷಗಟ್ಟಲೆ ಸೈನಿಕರು ತಿಂಗಳುಗಟ್ಟಲೆ ಟ್ರೇನಿಂಗ್ ಮುಗಿಸ್ಕೊಂಡು ಕಾಯ್ತಾ ಇದ್ರು, ಅವರಿಗೇನೂ ಕೊರತೆ ಇರ್ಲಿಲ್ಲ.

ಅದರಲ್ಲೂ ಎಲ್ಲರೂ ಕಿತ್ತಾಡಿದ್ದು ಎಲ್‌ಎಸ್‌ಟಿ ಅನ್ನೋ ಹಡಗಿಗೆ. ಮೂತಿ ಎರಡು ಬಾಗಿಲಾಗಿ ತೆರ್ಕೊಳ್ಳತ್ತೆ, ಒಳಗಿಂದ ಟ್ಯಾಂಕು, ಲಾರಿ ಸೀದಾ ಓಡಿಸ್ಕೊಂಡು ಇಳೀಬಹುದು, ಅಡಿ ಚಪ್ಪಟೆ ಇರೋದ್ರಿಂದ ಬೀಚ್ ಮೇಲೇ ಹೋಗಿ ಕೂರತ್ತೆ. ನೋಡೋಕೆ ಚೆಂದ ಇಲ್ಲ, ಸ್ಪೀಡೂ ಇಲ್ಲ. ಆದ್ರೆ ಒಂದು ಟ್ರಿಪ್ ಮುಗಿಸಿ ವಾಪಸ್ ಹೋಗಿ ಮತ್ತೆ ತುಂಬ್ಕೊಂಡು ಬರೋದು ಇದೇ. ಒಂದು ಎಲ್‌ಎಸ್‌ಟಿ ಮುಳುಗಿದ್ರೆ ಆವತ್ತಿನ ಲೋಡ್ ಒಂದೇ ಅಲ್ಲ, ಮುಂದಿನ ಇಪ್ಪತ್ತು ಟ್ರಿಪ್ಪಿನ ಲೋಡೂ ಮುಳುಗಿದ ಹಾಗೆ.

ಒಮಾಹಾದ ಮರಳ ಮೇಲೆ

ಪೇಪರ್ ಮೇಲಿನ ನಂಬರಿಗೂ ದಡದ ಮೇಲಿನ ನಂಬರಿಗೂ ಎಷ್ಟು ದೂರ ಅನ್ನೋದಕ್ಕೆ ಒಮಾಹಾ ಬೀಚ್ ನೋಡ್ಬೇಕು. ಬೆಳಗ್ಗೆ ಆರೂವರೆಗೆ ಶುರು. ನೀರು ಇಳಿದಿರೋ ಟೈಮ್ ನೋಡೇ ಇಟ್ಟಿದ್ದು, ಜರ್ಮನ್ನರು ನೆಟ್ಟಿದ್ದ ಕಬ್ಬಿಣದ ಅಡೆತಡೆ ಕಣ್ಣಿಗೆ ಕಾಣ್ಲಿ ಅಂತ. ಆದ್ರೆ ನೀರು ಇಳಿದಿದೆ ಅಂದ್ರೆ ಸೈನಿಕ ಓಡ್ಬೇಕಾದ ಬಯಲು ಮರಳು ಅಷ್ಟು ಉದ್ದ ಅಂತಾನೂ ಅರ್ಥ, ಮತ್ತೆ ನೀರು ಏರೋಕೆ ಶುರುವಾದ್ರೆ ಅಡೆತಡೆ ಒಡೆಯೋ ಇಂಜಿನಿಯರ್‌ಗಳಿಗೆ ಇರೋದು ಸ್ವಲ್ಪವೇ ಹೊತ್ತು. ಈಜೋ ಟ್ಯಾಂಕ್ ಅಂತ ಮಾಡಿದ್ರು, ಸುತ್ತ ಕ್ಯಾನ್ವಾಸ್ ಗೋಡೆ ಕಟ್ಟಿ ತೇಲಿಸೋದು. ಒಂದು ಬೆಟಾಲಿಯನ್‌ದು 29 ಟ್ಯಾಂಕ್ ದೂರದಲ್ಲೇ ನೀರಿಗೆ ಬಿಟ್ರು, ಅಲೆ ಜೋರಿತ್ತು, 27 ಮುಳುಗಿದ್ವು.

ಇಲ್ಲೊಂದು ನಮ್ಮೂರ ಹೆಸರೂ ಬರತ್ತೆ. ಬೀಚ್ ದಾಟಿದ್ರೆ ಮುಳ್ಳುತಂತಿ ಬೇಲಿ, ಅದನ್ನ ಹಾರಿಸಿದ್ದು ಬ್ಯಾಂಗಲೋರ್ ಟಾರ್ಪೆಡೋದಿಂದ. ಸ್ಫೋಟಕ ತುಂಬಿದ ಪೈಪು, ಒಂದಕ್ಕೊಂದು ಜೋಡಿಸ್ತಾ ಹೋಗಿ ಬೇಲಿ ಕೆಳಗೆ ತಳ್ಳಿ ಸಿಡಿಸೋದು. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ಮಾಡಿದ್ದು, ಇವತ್ತು ಹಲಸೂರು ಕೆರೆ ಪಕ್ಕ ಇರೋ ಎಂಇಜಿ ಅಂತೀವಲ್ಲ, ಅದೇ ಪಡೆ.

ಸಂಜೆ ಹೊತ್ತಿಗೆ ಒಮಾಹಾದಲ್ಲಿ 34 ಸಾವಿರ ಜನ ಇಳಿದಿದ್ರು ಅಂತ ಲೆಕ್ಕ ಹೇಳತ್ತೆ. ಆದ್ರೆ ಆವತ್ತು ಇಳಿಸ್ಬೇಕಿದ್ದ 2,400 ಟನ್ ಸಾಮಾನಲ್ಲಿ ದಡಕ್ಕೆ ಬಂದಿದ್ದು ಬರೀ 100 ಟನ್. ಜನ ಇದ್ದಾರೆ, ಗುಂಡಿಲ್ಲ, ಊಟ ಇಲ್ಲ, ಗಾಡಿ ಇಲ್ಲ. ಆವತ್ತು ರಾತ್ರಿ ಜರ್ಮನ್ನರು ಎರಡು ಟ್ಯಾಂಕ್ ಡಿವಿಷನ್ ತಂದಿದ್ರೆ ಆ 34 ಸಾವಿರಕ್ಕೆ ಏನು ಬೆಲೆ ಇರ್ತಿತ್ತು? ಐದೂ ಬೀಚ್ ಒಂದಕ್ಕೊಂದು ಸೇರಿದ್ದೇ ಜೂನ್ 12ರ ಹೊತ್ತಿಗೆ. ಮೊದಲ ದಿನವೇ ಹಿಡೀಬೇಕು ಅಂದಿದ್ದ ಕಾನ್ ಪಟ್ಟಣದ ಒಳಗೆ ಕಾಲಿಟ್ಟಿದ್ದು ಜುಲೈನಲ್ಲಿ.

ಓಟದ ಪಂದ್ಯ

ಜರ್ಮನ್ನರು ಯಾಕೆ ತರ್ಲಿಲ್ಲ ಅಂದ್ರೆ ತರೋಕೆ ಆಗ್ಲಿಲ್ಲ. ತಿಂಗಳುಗಟ್ಟಲೆ ಮುಂಚಿಂದ ಫ್ರಾನ್ಸಿನ ರೈಲು ಜಂಕ್ಷನ್, ಸೇನ್ ನದಿಯ ಸೇತುವೆ ಎಲ್ಲಾ ಬಾಂಬ್ ಹಾಕಿ ಕೆಡಿಸಿದ್ರು. ಇದರ ಜೊತೆಗೆ ಅಸಲಿ ದಾಳಿ ಬ್ರಿಟನ್ನಿಗೆ ಇನ್ನೂ ಹತ್ತಿರದ ಕ್ಯಾಲೆ ಕಡೆಯಿಂದ ಬರತ್ತೆ ಅಂತ ನಂಬಿಸೋಕೆ ಸುಳ್ಳು ರೇಡಿಯೋ ಸಂದೇಶ, ನಕಲಿ ಟ್ಯಾಂಕು, ಇಲ್ಲದ ಸೈನ್ಯ, ಏನೇನೋ ಮಾಡಿದ್ರು. ಜರ್ಮನಿಯ 15ನೇ ಸೈನ್ಯ ವಾರಗಟ್ಟಲೆ ಕ್ಯಾಲೆ ಹತ್ತಿರವೇ ಕಾಯ್ತಾ ಕೂತ್ಕೊಂಡ್ತು. ಸಮುದ್ರದಿಂದ ದಾಳಿ ಅಂದ್ರೆ ಕೊನೆಗೆ ಇಷ್ಟೇ: ನೀನು ಹಡಗಲ್ಲಿ ತುಂಬ್ತೀಯ, ಅವನು ರಸ್ತೆ, ರೈಲಲ್ಲಿ ತುಂಬ್ತಾನೆ, ಯಾರ ಕಡೆ ಬೇಗ ತುಂಬತ್ತೆ ಅನ್ನೋದು ಪ್ರಶ್ನೆ. ಮಾಮೂಲಿಯಾಗಿ ರೈಲೇ ಗೆಲ್ಲತ್ತೆ, ಅದನ್ನ ಸೋಲಿಸ್ಬೇಕಂದ್ರೆ ಮೊದ್ಲೇ ಅದರ ಕಾಲು ಮುರೀಬೇಕು.

ಇದು ಮಾಡದಿದ್ರೆ ಏನಾಗತ್ತೆ ಅಂತ ಅದೇ ವರ್ಷ ಜನವರಿಯಲ್ಲಿ ಇಟಲಿಯ ಆಂಜಿಯೋದಲ್ಲಿ ಗೊತ್ತಾಗಿತ್ತು. ಜನವರಿ 22ಕ್ಕೆ 36 ಸಾವಿರ ಜನ ಹೆಚ್ಚೇನೂ ವಿರೋಧ ಇಲ್ಲದೆ ಇಳಿದ್ರು, ಮೊದಲ ದಿನದ ಲೆಕ್ಕ ನೋಡಿದ್ರೆ ಅದ್ಭುತ ಯಶಸ್ಸು. ಮುಂದೆ ನುಗ್ಗದೆ ಅಲ್ಲೇ ಗಟ್ಟಿ ಮಾಡ್ಕೊಳ್ತಾ ಕೂತ್ರು, ಅಷ್ಟರಲ್ಲಿ ಜರ್ಮನ್ನರು ಎಲ್ಲೆಲ್ಲಿಂದಲೋ ಪಡೆ ತಂದು ಸುತ್ತಗಟ್ಟಿದ್ರು, ಅಲ್ಲಿಂದ ಹೊರಬರೋಕೆ ಮೇ ತಿಂಗಳ ಕೊನೆ ಆಯ್ತು.

ಇನ್ನೂ ಹಿಂದಕ್ಕೆ ಹೋದ್ರೆ 1914ರ ನವೆಂಬರಲ್ಲಿ ಆಫ್ರಿಕಾದ ಟಾಂಗಾ, ಈಗಿನ ತಾಂಜಾನಿಯಾದ ಬಂದರು. ಭಾರತದಿಂದ ಕಳಿಸಿದ ಸುಮಾರು ಎಂಟು ಸಾವಿರ ಜನರ ಪಡೆ, ಅದರಲ್ಲಿ ಬ್ಯಾಂಗಲೋರ್ ಬ್ರಿಗೇಡ್ ಕೂಡ ಇತ್ತು, ಎದುರಿಗೆ ಜರ್ಮನ್ನರ ಕಡೆ ಸಾವಿರ ಚಿಲ್ಲರೆ. ದಾಳಿಗೆ ಮುಂಚೆ ಬ್ರಿಟಿಷ್ ನೌಕಾಪಡೆಯವರೇ ಹೋಗಿ ಟಾಂಗಾ ಮೇಲೆ ದಾಳಿ ಮಾಡಲ್ಲ ಅನ್ನೋ ಹಳೇ ಒಪ್ಪಂದ ಇನ್ಮೇಲೆ ಇಲ್ಲ ಅಂತ ಹೇಳಿ ಬಂದಿದ್ರು, ಶತ್ರುಗೆ ತಯಾರಾಗೋಕೆ ಟೈಮ್ ಸಿಕ್ತು. ವಾರಗಟ್ಟಲೆ ಹಡಗಲ್ಲಿ ಒದ್ದಾಡಿ ಸುಸ್ತಾಗಿ ಬಂದ ಪಡೆ ಚೆಲ್ಲಾಪಿಲ್ಲಿಯಾಗಿ, ನಡುವೆ ಜೇನುಹುಳದ ದಾಳಿಗೂ ಸಿಕ್ಕಿ, ಮೆಷಿನ್ ಗನ್ನು, ಗುಂಡು ಎಲ್ಲಾ ದಡದಲ್ಲೇ ಬಿಟ್ಟು ವಾಪಸ್ ಹಡಗು ಹತ್ತಿತು. ಎಂಟಕ್ಕೆ ಒಂದು ಅನ್ನೋ ಬಲಾಬಲ ಇದ್ದೂ ಸೋಲು.

ಬಂದರು ಸಿಗ್ಲಿಲ್ಲಾಂದ್ರೆ

ಅವತ್ತಿನ ಒಂದು ಡಿವಿಷನ್‌ಗೆ ದಿನಕ್ಕೆ ಸುಮಾರು 600ರಿಂದ 700 ಟನ್ ಸಾಮಾನು ಬೇಕು ಅಂತ ಲೆಕ್ಕ ಹಾಕ್ತಿದ್ರು. ಹತ್ತು ಟನ್ ಲಾರಿ ಅಂದ್ರೆ ದಿನಾ ಅರವತ್ತು ಎಪ್ಪತ್ತು ಲೋಡು, ಅದೂ ಒಂದು ಡಿವಿಷನ್‌ಗೆ. ಇದಕ್ಕೆ ಬಂದರು ಬೇಕೇ ಬೇಕು. 1942ರ ಆಗಸ್ಟ್ 19ಕ್ಕೆ ಡಿಯೆಪ್ ಅನ್ನೋ ಫ್ರೆಂಚ್ ಬಂದರಿನ ಮೇಲೆ ನೇರ ದಾಳಿ ಮಾಡಿ ನೋಡಿದ್ರು, ಸುಮಾರು ಆರು ಸಾವಿರ ಜನ, ಬಹುಪಾಲು ಕೆನಡಾದವರು. ಕೆನಡಾದವರೇ 900ಕ್ಕೂ ಹೆಚ್ಚು ಮಂದಿ ಸತ್ರು, ಇನ್ನೂ ಎಷ್ಟೋ ಜನ ಸೆರೆ ಸಿಕ್ರು. ಬಂದರನ್ನ ಎದುರಿಂದ ಹೊಡೆದು ಹಿಡಿಯೋದು ಆಗದ ಮಾತು ಅಂತ ಖಾತ್ರಿ ಆಯ್ತು.

ಸರಿ, ಬಂದರು ಸಿಗಲ್ಲ ಅಂದ್ರೆ ಬಂದರನ್ನೇ ಎಳ್ಕೊಂಡು ಹೋಗೋಣ ಅಂತ ಮಲ್ಬೆರಿ ಮಾಡಿದ್ರು. ಕಟ್ಟಡದಷ್ಟು ದೊಡ್ಡ ಕಾಂಕ್ರೀಟ್ ಪೆಟ್ಟಿಗೆಗಳನ್ನ ಬ್ರಿಟನ್ನಿಂದ ಸಮುದ್ರದಲ್ಲಿ ಎಳ್ಕೊಂಡು ಬಂದು ಮುಳುಗಿಸಿ ಅಲೆ ತಡೆಗೋಡೆ, ಅದರೊಳಗೆ ತೇಲೋ ರಸ್ತೆ. ಇಂಥದ್ದು ಎರಡು. ಜೂನ್ 19ರಿಂದ ಮೂರ್ನಾಲ್ಕು ದಿನ ಬಿರುಗಾಳಿ ಬಂತು, ಒಮಾಹಾದ್ದು ಚೂರುಚೂರು ಆಯ್ತು, ಬ್ರಿಟಿಷರ ಗೋಲ್ಡ್ ಬೀಚಿನ ಅರೊಮಾಂಶ್‌ನದ್ದು ಉಳ್ಕೊಂಡ್ತು. ಆಮೇಲೆ ನಡೆದಿದ್ದು ಯಾರೂ ಊಹಿಸದೇ ಇದ್ದದ್ದು, ಹಾರ್ಬರ್ ಇಲ್ಲದ ಒಮಾಹಾದಲ್ಲಿ ಹಡಗುಗಳನ್ನ ಸೀದಾ ಮರಳಿಗೆ ತಂದು ಕೂರಿಸಿ, ನೀರು ಇಳಿದಾಗ ಖಾಲಿ ಮಾಡಿ, ನೀರು ಏರಿದಾಗ ವಾಪಸ್ ಕಳಿಸಿ, ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಸಾಮಾನು ಇಳಿಸಿದ್ರು.

ಆ ಮಾರ್ಚ್ ವಿಡಿಯೋದ ಬಾರ್ಜು ನೋಡಿ ಜನ ಮಲ್ಬೆರಿ ಮಲ್ಬೆರಿ ಅಂದಿದ್ದು ಇದಕ್ಕೇ.

ಈಗ ತೈವಾನ್: ಮೂರು ವಾದ

ಮೊದಲನೇ ಗುಂಪು ಹೇಳೋದು, ಆಗೋ ಮಾತಲ್ಲ. ಜಲಸಂಧಿ ಕಿರಿದಾದ ಕಡೆಯೂ 130 ಕಿಲೋಮೀಟರ್. ಸಮುದ್ರ ಒಂದಿಷ್ಟು ಶಾಂತ ಇರೋದು ಏಪ್ರಿಲ್ ಮತ್ತು ಅಕ್ಟೋಬರ್ ಆಸುಪಾಸು. ಇಳಿಯೋಕೆ ಲಾಯಕ್ಕಾದ ಬೀಚ್ ಹದಿನಾಲ್ಕು ಅಂತ ಸಾಮಾನ್ಯವಾಗಿ ಹೇಳ್ತಾರೆ, ಅವು ಯಾವ್ಯಾವು ಅಂತ ತೈವಾನಿಗೂ ಗೊತ್ತು. ಪೂರ್ವ ಕರಾವಳಿ ಬಹುಪಾಲು ಕಡಿದಾದ ಬಂಡೆ, ಪಶ್ಚಿಮದಲ್ಲಿ ಕೆಸರು ಬಯಲು. 1944ರಲ್ಲಿ ಮುಚ್ಚಿಟ್ಟ ಹಾಗೆ ಇವತ್ತು ಸಾವಿರಾರು ಹಡಗು ಸೇರಿಸೋದನ್ನ ಸ್ಯಾಟಲೈಟ್ ಕಣ್ಣಿಂದ ಮುಚ್ಚಿಡೋಕಾಗಲ್ಲ. ಮಿಸೈಲ್, ಡ್ರೋನ್ ಬೇರೆ. 2022ರಲ್ಲಿ ಉಕ್ರೇನಿನ ಬೆರ್ಡಿಯಾನ್ಸ್ಕ್ ಬಂದರಲ್ಲಿ ಕಟ್ಟಿ ನಿಲ್ಲಿಸಿದ್ದ ರಷ್ಯಾದ ಲ್ಯಾಂಡಿಂಗ್ ಹಡಗು ಸರಟೋವ್ ಉರಿದು ಮುಳುಗ್ತು, ಏಪ್ರಿಲಲ್ಲಿ ರಷ್ಯಾದ ದೊಡ್ಡ ಯುದ್ಧನೌಕೆ ಮೊಸ್ಕ್ವಾ ಮುಳುಗಿತು, ಉಕ್ರೇನಿನ ಬಂದರು ಒಡೆಸ್ಸಾದ ಮೇಲೆ ಸಮುದ್ರದ ದಾಳಿ ಬರತ್ತೆ ಬರತ್ತೆ ಅಂದಿದ್ದು ಕೊನೆಗೂ ಬರ್ಲಿಲ್ಲ.

ಇವರ ಕೈಲಿ ಇನ್ನೊಂದು ಹಳೇ ಪುರಾವೆ ಇದೆ, ಅದು ಅಮೆರಿಕದ್ದೇ. 1944ರಲ್ಲಿ ಅಮೆರಿಕವೇ ಜಪಾನಿನ ಕೈಲಿದ್ದ ಫಾರ್ಮೋಸಾ, ಅಂದ್ರೆ ಇದೇ ತೈವಾನ್ ಮೇಲೆ ಇಳಿಯೋ ಪ್ಲಾನ್ ಮಾಡಿ ಕೈಬಿಡ್ತು. ಕೈಬಿಡೋಕೆ ದೊಡ್ಡ ಕಾರಣ ಬಂದೂಕು ಹಿಡಿಯೋರು ಸಾಲದೆ ಇದ್ದಿದ್ದಲ್ಲ, ಸಾಮಾನು ಸಾಗಿಸೋ, ರಸ್ತೆ-ಬಂದರು ಸರಿಮಾಡೋ ಸಪೋರ್ಟ್ ಪಡೆ ಸಾಲದೆ ಇದ್ದಿದ್ದು.

ಎರಡನೇ ಗುಂಪು ಹೇಳೋದು, ನೀವು ನೌಕಾಪಡೆಯ ಹಡಗನ್ನ ಮಾತ್ರ ಎಣಿಸ್ತಿದ್ದೀರಿ. ಅಷ್ಟನ್ನೇ ನೋಡಿದ್ರೆ ಚೀನಾ ಮೊದಲ ಟ್ರಿಪ್ಪಲ್ಲಿ ಕಳಿಸಬಲ್ಲದ್ದು ನಾರ್ಮಂಡಿಯ ಒಂದು ಬೀಚಿನಷ್ಟು ಜನ ಅಂತ ಹಲವು ಅಂದಾಜು ಇದೆ, ನಿಜ. ಆದ್ರೆ ಜನ, ಕಾರು ಸಾಗಿಸೋ ದೊಡ್ಡ ದೊಡ್ಡ ಫೆರ್ರಿಗಳು ವರ್ಷಗಳಿಂದ ಸೈನ್ಯದ ಜೊತೆ ಪ್ರಾಕ್ಟೀಸ್ ಮಾಡ್ತಿವೆ, ಹಡಗು ಕಟ್ಟೋದ್ರಲ್ಲಿ ಜಗತ್ತಿನಲ್ಲಿ ಚೀನಾನೇ ಮುಂದೆ. ಫೆರ್ರಿಗೆ ಇದ್ದ ಒಂದೇ ತೊಂದರೆ ಅಂದ್ರೆ ಅದಕ್ಕೆ ಬಂದರು ಬೇಕು, ಆ ತೊಂದರೆಗೆ ಉತ್ತರವೇ ಆ ಬಾರ್ಜು.

ಮೂರನೇ ಗುಂಪು, ಇಳಿಯೋದ್ಯಾಕೆ, ಸುತ್ತುವರಿದು ಹಡಗು ಓಡಾಟ ನಿಲ್ಸಿದ್ರೆ ಸಾಕಲ್ಲ ಅನ್ನತ್ತೆ. ತೈವಾನ್ ಇಂಧನಕ್ಕೆ ಹೆಚ್ಚುಕಡಿಮೆ ಪೂರ್ತಿ ಆಮದನ್ನೇ ನಂಬಿದೆ.

ನನಗೆ ಕಾಣೋ ಹಾಗೆ ಮೊದಲ ಎರಡು ಗುಂಪಿನ ಜಗಳ ನಿಂತಿರೋದು ಒಂದೇ ಜಾಗದಲ್ಲಿ, ಎರಡನೇ ಟ್ರಿಪ್ಪು. ಬಾರ್ಜ್ ಚೆನ್ನಾಗೇ ಇದೆ, ಆದ್ರೆ ಅದು ಕಾಲೂರಿ ನಿಂತ್ಮೇಲೆ ಅಲ್ಲಾಡಲ್ಲ, ದಿನಗಟ್ಟಲೆ ಒಂದೇ ಕಡೆ ನಿಂತಿರೋ ದೊಡ್ಡ ಗುರಿ ಅದು. ಹಾಗಾಗಿ ಮೊದಲ ಪಡೆ ಬೀಚ್ ಗೆದ್ದು ಸುತ್ತಲ ಮಿಸೈಲ್ ಎಲ್ಲಾ ಸುಮ್ಮನಾಗಿಸಿದ ಮೇಲೆ ಮಾತ್ರ ಉಪಯೋಗ. ಅಂದ್ರೆ ಬಾರ್ಜ್ ಮೊದಲ ದಿನದ್ದಲ್ಲ, ಎರಡನೇ ವಾರದ್ದು.

ಕಿನ್ಮೆನ್‌ನಲ್ಲಿ ಸಿಕ್ಕಿಬಿದ್ದ ದೋಣಿಗಳು

ಎರಡನೇ ಟ್ರಿಪ್ ಬರದಿದ್ರೆ ಏನಾಗತ್ತೆ ಅನ್ನೋದು ಬೀಜಿಂಗ್‌ಗೆ ಯಾರೂ ಹೇಳ್ಕೊಡಬೇಕಾಗಿಲ್ಲ. 1949ರ ಅಕ್ಟೋಬರ್ 25ರ ನಸುಕಲ್ಲಿ, ಮಾವೋ ಹೊಸ ದೇಶ ಘೋಷಣೆ ಮಾಡಿ ತಿಂಗಳೂ ಆಗಿರ್ಲಿಲ್ಲ, ಚೀನಾ ಕರಾವಳಿಗೆ ಅಂಟಿಕೊಂಡ ಹಾಗಿರೋ ಕಿನ್ಮೆನ್ ದ್ವೀಪಕ್ಕೆ ಮಾವೋ ಕಡೆಯ ಸುಮಾರು ಒಂಬತ್ತು ಸಾವಿರ ಸೈನಿಕರು ಮೀನುಗಾರರ ದೋಣಿಯಲ್ಲಿ ಹೋಗಿ ಇಳಿದ್ರು. ನೀರು ಏರಿದ್ದಾಗ ದಡ ಮುಟ್ಟಿದ್ರು. ಇವರನ್ನ ಇಳಿಸಿದ ದೋಣಿಗಳೇ ವಾಪಸ್ ಹೋಗಿ ಮುಂದಿನವರನ್ನ ಕರ್ಕೊಂಡು ಬರ್ಬೇಕು ಅನ್ನೋದು ಪ್ಲಾನ್. ಅಷ್ಟರಲ್ಲಿ ನೀರು ಇಳೀತು, ದೋಣಿ ಎಲ್ಲಾ ದಡದಲ್ಲೇ ಸಿಕ್ಕಿಬಿದ್ವು, ದ್ವೀಪ ಕಾಯ್ತಿದ್ದ ಚಿಯಾಂಗ್ ಕೈ-ಶೆಕ್‌ನ ರಾಷ್ಟ್ರವಾದಿ ಸೈನಿಕರು ಅವಕ್ಕೆ ಬೆಂಕಿ ಹಚ್ಚಿದ್ರು. ಆಚೆ ದಡದಲ್ಲಿ ಸಾವಿರಾರು ಸೈನಿಕರು ತಯಾರಾಗಿ ನಿಂತಿದ್ದಾರೆ, ಈಚೆಗೆ ಬರೋಕೆ ದೋಣಿ ಇಲ್ಲ. ಮೂರು ದಿನದಲ್ಲಿ ಇಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ರು ಅಥವಾ ಸೆರೆಯಾದ್ರು. ಕಿನ್ಮೆನ್ ಇವತ್ತಿಗೂ ತೈವಾನ್ ಕೈಲೇ ಇದೆ.

ಇನ್ಮೇಲೆ ಸುದ್ದಿ ಓದುವಾಗ

"ಇಷ್ಟು ಲಕ್ಷ ಸೈನಿಕರು ಸಜ್ಜು" ಅನ್ನೋ ಹೆಡ್‌ಲೈನ್‌ನಿಂದ ಹೆಚ್ಚೇನೂ ಗೊತ್ತಾಗಲ್ಲ, ಚೀನಾ ಹತ್ತಿರ ಸೈನಿಕರು ಯಾವಾಗ್ಲೂ ಇದ್ದಾರೆ. 2027 ಅನ್ನೋ ವರ್ಷವೂ ಪದೇ ಪದೇ ಬರತ್ತೆ. ಆವತ್ತಿಗೆ ಸೈನ್ಯ ತಯಾರಿರ್ಬೇಕು ಅಂತ ಷಿ ಜಿನ್‌ಪಿಂಗ್ ಹೇಳಿದ್ದಾರೆ ಅಂತ ಅಮೆರಿಕದ ಗುಪ್ತಚರ ಸಂಸ್ಥೆಯ ಆಗಿನ ಮುಖ್ಯಸ್ಥ ವಿಲಿಯಂ ಬರ್ನ್ಸ್ 2023ರಲ್ಲಿ ಹೇಳಿದ್ರು, ದಾಳಿ ಮಾಡ್ತಾರೆ ಅಂತ ಅಲ್ಲ, ಈ ವ್ಯತ್ಯಾಸವನ್ನ ಟಿವಿಯವರು ಆರಾಮಾಗಿ ನುಂಗಿಬಿಡ್ತಾರೆ.

ದಾಳಿಯೇ ಆಗದೆ ಬರೀ ದಿಗ್ಬಂಧನ ಆದ್ರೂ ಬಿಸಿ ತಟ್ಟೋಕೆ ಹೆಚ್ಚು ದಿನ ಬೇಡ. ಜಗತ್ತಿನ ಅತಿ ಮುಂದುವರಿದ ಚಿಪ್‌ಗಳಲ್ಲಿ ಬಹುಪಾಲು ತೈವಾನಿನ ಟಿಎಸ್‌ಎಂಸಿ ಮಾಡೋದು. ದೇವನಹಳ್ಳಿ ಹತ್ತಿರ ಐಫೋನ್ ಜೋಡಿಸ್ತಿರೋ ಫಾಕ್ಸ್‌ಕಾನ್ ತೈವಾನ್ ಕಂಪನಿ, ಆ ಫೋನಿನ ಒಳಗಿರೋ ಚಿಪ್ ಕೂಡ ಅಲ್ಲಿಂದಲೇ ಬರ್ಬೇಕು. ಆ ಕಡೆ ಹೋಗೋ ಹಡಗಿಗೆ ಇನ್ಶೂರೆನ್ಸ್ ದುಬಾರಿ ಆದ್ರೆ ಸಾಕು, ಒಂದೂ ಗುಂಡು ಹಾರದೆ ಇಲ್ಲಿ ಶಿಫ್ಟ್ ಕಮ್ಮಿ ಆಗೋಕೆ ಶುರುವಾಗತ್ತೆ.

ಇಳಿಯೋ ದಾಳಿಯ ವಿಷಯಕ್ಕೆ ಬಂದ್ರೆ, ಚೀನಾದ ಕರಾವಳಿಯಲ್ಲಿ ಬೇಸಿಗೆಯ ಪ್ರಾಕ್ಟೀಸ್ ನಡೆದಾಗ ನೋಡ್ಬೇಕಾಗಿರೋದು ಇಂಥ ಸಣ್ಣ ವಿವರ: ಫೆರ್ರಿಯಿಂದ ಗಾಡಿಗಳು ಕಟ್ಟೆಗೆ ಇಳಿದ್ವಾ ಅಥವಾ ತೆರೆದ ಸಮುದ್ರದಲ್ಲೇ ಬಾರ್ಜ್ ಮೇಲೆ ಇಳಿದ್ವಾ, ಆವತ್ತು ಅಲೆ ಎಷ್ಟಿತ್ತು, ಮತ್ತೆ ಅದೇ ಫೆರ್ರಿ ಖಾಲಿಯಾಗಿ ಹೋಗಿ ಮತ್ತೆ ತುಂಬ್ಕೊಂಡು ಬರೋಕೆ ಎಷ್ಟು ಗಂಟೆ ತಗೊಂಡ್ತು.